ಬರಿಯ ಅಂಗೈ

ಸೋಮನಾಥ ಗುಂಡಿ ಒತ್ತಿದ, ಕಾರು ಸುಮ್ಮನಿತ್ತು. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಬಲವಾಗಿ ಇನ್ನೊಮ್ಮೆ ಒತ್ತಿದ. ಆಮೇಲೆ ರಿಮೋಟನ್ನು ಗಾಜಿಗೇ ತಾಗಿಸಿ, ಕಿವಿಯಲ್ಲಿ ಗುಟ್ಟು ಹೇಳುವವನ ಹಾಗೆ ಬಾಗಿ ಒತ್ತಿದ. ಪ್ರತಿ ಸಲ ಒತ್ತಿದಾಗಲೂ ಅದರ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಹತ್ತಬೇಕು. ಈಗ ಅದೂ ಇಲ್ಲ. ಶೃಂಗೇರಿಯ ಪೇಟೆಬೀದಿಯಲ್ಲಿ ಬೇಸಿಗೆಯ ಬಿಸಿಲು ಆಗಲೇ ಅಂಗಡಿಗಳ ಮೆಟ್ಟಿಲು ಹತ್ತುತ್ತಿತ್ತು. ಯಾತ್ರಿಕರ ಗುಂಪೊಂದು ಅವನನ್ನು ಬಳಸಿಕೊಂಡು ಹೋಯಿತು; ಅದರಲ್ಲೊಬ್ಬ ಹಿಂದಿರುಗಿ ನೋಡಿದ. ಎರಡು ವರ್ಷದ ಕೆಳಗೆ ಶಿವಮೊಗ್ಗದಲ್ಲಿ ಈ ಲಾಕು ಹಾಕಿಸಿದ ದಿನ ಸೋಮನಾಥನಿಗೆ ಬೇಕಾಗಿದ್ದದ್ದು ಇದೇ ಅಲ್ಲವೆ, ಜನ ತಿರುಗಿ ನೋಡುವುದು? ಹಳೆಯ ಕಾರು ಕೊಂಡವನೆಂದು ಯಾರೂ ಅನ್ನಬಾರದೆಂದು, ಎನ್.ಆರ್. ಪುರದ ತನ್ನ ಪಂಪ್‌ಸೆಟ್ ಅಂಗಡಿಯ ಮುಂದೆ ನಿಲ್ಲಿಸಿ, ಬೆನ್ನು ಹಾಕಿ ನಡೆಯುತ್ತಾ ಹಿಂದಿರುಗದೆಯೇ ಕೈ ಎತ್ತಿ ಒತ್ತುತ್ತಿದ್ದ. ಕಾರು ಹಿಂದಿನಿಂದ ಹಕ್ಕಿಯ ಹಾಗೆ ಟುಂಯ್ ಅನ್ನುತ್ತಿತ್ತು. ಕೆಲವೊಮ್ಮೆ ಲಾಕಾಗಿದ್ದರೂ ಆ ಸದ್ದಿಗಾಗಿಯೇ ಎರಡನೆಯ ಸಲ ಒತ್ತಿದ್ದುಂಟು. ಈಗ ಬೀದಿಯ ನಡುವೆ ನಿಂತು, ಸತ್ತ ಆ ಕರಿಯ ಬಿಲ್ಲೆಯನ್ನು ತಟ್ಟುತ್ತಾ, ಅಂಗಿಗೆ ಉಜ್ಜುತ್ತಾ, ಅವನು ಗಾಜಿನೊಳಗೆ ನೋಡಿದ. ಹಿಂದಿನ ಸೀಟಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಅಕ್ಕನ ಕೋರಾ ಬಟ್ಟೆಯ ಚೀಲ ಒರಗಿತ್ತು. ಅದರೊಳಗೆ ವಿಭೂತಿ, ಪತ್ರೆ, ಸಣ್ಣ ತಂಬಿಗೆ, ಮತ್ತು ವಸ್ತ್ರದಲ್ಲಿ ಸುತ್ತಿದ ಅಕ್ಕನ ಲಿಂಗ.

ಲಿಂಗ ಮೈಮೇಲಿಂದ ಇಳಿದದ್ದು ಅಕ್ಕನ ತಪ್ಪಲ್ಲ. ಹರಿಹರಪುರ ದಾಟಿದ ಮೇಲೆ ತಿರುವೊಂದರಲ್ಲಿ ಎದುರಿಗೆ ಬಸ್ಸು ಬಂದು ಅವನು ಗಕ್ಕನೆ ಬ್ರೇಕು ಹಾಕಿದಾಗ, ಮುಂದಕ್ಕೆ ವಾಲಿದ ಪ್ರೇಮಕ್ಕನ ಕೈ ಕೊರಳಿನ ಶಿವದಾರಕ್ಕೆ ಸಿಕ್ಕಿ ದಾರ ಹರಿದಿತ್ತು. "ಅಯ್ಯೋ ಶಿವನೇ" ಎಂದಷ್ಟೇ ಅಂದು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಎರಡೂ ಕಣ್ಣಿಗೊತ್ತಿ, ವಸ್ತ್ರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. ಶೃಂಗೇರಿಯಲ್ಲಿ ಪರಿಚಯದ ರೇಣುಕಪ್ಪನ ಅಂಗಡಿಯಲ್ಲಿ ಹೊಸ ದಾರ ಸಿಗುತ್ತಿತ್ತು. ಅವರ ಮನೆಯಲ್ಲೇ ಸ್ನಾನ, ಪೂಜೆ, ಆಮೇಲೆ ಹೊಳೆಗೆ ಹೋಗಿ ಮೀನು ನೋಡುವುದು ಎಂದು ಹೊರಡುವಾಗಲೇ ಗೊತ್ತಾಗಿತ್ತು. ಅಕ್ಕನಿಗೆ ತುಂಗೆಯ ಮೀನು ನೋಡುವ ಆಸೆ ಎಷ್ಟು ವರ್ಷದ್ದೋ. "ಪುರಿ ಹಾಕಿದ್ರೆ ಬಾಯಿ ತೆಕ್ಕಂಡು ಮೇಲೆ ಬರ್ತಾವಂತೆ ಕಣೋ" ಅನ್ನುತ್ತಿದ್ದಳು, ಚಿಕ್ಕ ಹುಡುಗಿಯ ಹಾಗೆ. ಅವನು ಪ್ರತಿ ಸಲ "ಇನ್ನೊಂದ್ಸಲ ಹೋಗುವಾಗ ಕರ್ಕಂಡು ಹೋಗ್ತೀನಿ" ಅನ್ನುತ್ತಿದ್ದ. ಇವತ್ತು ಕೆರೆಕಟ್ಟೆಯ ಕಡೆ ಒಂದು ಪಂಪು ನೋಡಿ ಬರುವ ಕೆಲಸ ಇತ್ತು, ಆ ನೆಪದಲ್ಲಿ ಕರೆತಂದಿದ್ದ. ಆದರೆ ತಿರುವುಗಳು ಅಕ್ಕನ ಹೊಟ್ಟೆ ತೊಳಸಿದ್ದವು. ಅಂಗಡಿಯ ಮುಂದೆ ಕಾರು ನಿಂತದ್ದೇ ತಡ, ಬಾಗಿಲು ತೆಗೆದು ಇಳಿದು ಚರಂಡಿಯ ಅಂಚಿಗೆ ಕೂತು ಬರಿಯ ಹೊಟ್ಟೆಯಿಂದ ಹುಳಿನೀರು ಕಕ್ಕಿದಳು. ಅಂಗಡಿಗಳಿಂದ ಕತ್ತುಗಳು ಹೊರಬಂದವು. ಸೋಮನಾಥನಿಗೆ ನಾಚಿಕೆಯಾಯಿತು. ಹೌದು, ಕನಿಕರಕ್ಕಿಂತ ಮೊದಲು ಬಂದದ್ದು ನಾಚಿಕೆಯೇ. ಕಾರಿನ ಬಾಗಿಲು ದೂಡಿ, ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ, ನಡೆಸುತ್ತಲೇ ಬೆನ್ನ ಹಿಂದಕ್ಕೆ ಕೈ ಮಾಡಿ ಒತ್ತಿದ. ಟುಂಯ್. "ಸೋಮು, ಚೀಲ" ಎಂದಿದ್ದಳು ಅಕ್ಕ. "ಇರ್ಲಿ ಬಾರಕ್ಕ, ಯಾರೂ ತಗಂಡು ಹೋಗಲ್ಲ." "ಚೀಲ ಕೊಡೋ." "ಮೊದ್ಲು ನೆರಳಲ್ಲಿ ಕೂತ್ಕಾ." ಆ ಟುಂಯ್ ರಿಮೋಟಿನ ಕೊನೆಯ ಉಸಿರಾಗಿತ್ತು.

"ಎಂತ ಆಯ್ತು ಮಾರಾಯ, ಕಾರಿಗೆ ಮಂತ್ರ ಹಾಕ್ತಿದೀಯ?" ರೇಣುಕಪ್ಪ ಅಂಗಡಿಯಿಂದ ಇಳಿದು ಬಂದ. ಬಾಳೆಹೊನ್ನೂರಿನ ಕಡೆಯವನು, ಇಲ್ಲಿಗೆ ಬಂದು ಬಟ್ಟೆ ಅಂಗಡಿ ಇಟ್ಟವನು. ದೊಡ್ಡ ದನಿ, ದೊಡ್ಡ ಹೊಟ್ಟೆ, ಯಾರ ಕಷ್ಟವನ್ನೂ ಊರಿಗೆಲ್ಲ ಕೇಳುವ ಹಾಗೆ ವಿಚಾರಿಸುವ ಒಳ್ಳೆಯತನ. "ಕೀಲಿಕೈ ಇದೆಯಲ್ಲೋ, ಅದ್ರಲ್ಲಿ ತೆಗಿ."

ಕೀಲಿಕೈ ಇತ್ತು. ಆದರೆ ಬಾಗಿಲಿನ ತೂತಿಗೆ ಅದು ಅರ್ಧಕ್ಕೇ ಹೋಗಿ ನಿಂತಿತು. ರಿಮೋಟು ಬಂದಂದಿನಿಂದ ಆ ತೂತನ್ನು ಮುಟ್ಟಿದವರಿಲ್ಲ. ಎರಡು ಮಳೆಗಾಲದ ನೀರು ಕುಡಿದು ತುಕ್ಕು ಹಿಡಿದು ಮುಚ್ಚಿಕೊಂಡಿತ್ತು. ರೇಣುಕಪ್ಪ ಕೊಬ್ಬರಿ ಎಣ್ಣೆ ತರಿಸಿ ಬಿಟ್ಟ. ಬೀದಿಯವರೊಬ್ಬರು ಹೊಲಿಗೆಯಂತ್ರದ ಎಣ್ಣೆ ತಂದರು. ಕೀಲಿ ಒಳಗೆ ಹೋಯಿತು, ತಿರುಗಲಿಲ್ಲ. ಇನ್ನೂ ಬಲ ಹಾಕಿದರೆ ಅಲ್ಲೇ ಮುರಿಯುತ್ತದೆಂದು ಬೆರಳಿಗೆ ಗೊತ್ತಾಯಿತು. ಗಡಿಯಾರದಂಗಡಿಗೆ ಹೋದರೆ ಅವನ ಹತ್ತಿರ ಇದ್ದದ್ದೆಲ್ಲ ಚಪ್ಪಟೆ ಸೆಲ್ಲು. ರಿಮೋಟಿನದು ಬೆರಳ ತುದಿಯಷ್ಟು ಗಿಡ್ಡ ಉರುಟು. "ಇದು ಮನೆ ಬೆಲ್ಲಿಗೆ ಹಾಕ್ತಾರಲ್ಲ, ಆ ನಮೂನೆದು. ಇಲ್ಲಿ ಸಿಗಲ್ಲ ಸಾರ್." ಕೊಪ್ಪದ ಎಲೆಕ್ಟ್ರಿಕಲ್ ಅಂಗಡಿಗೆ ರೇಣುಕಪ್ಪ ಫೋನು ಮಾಡಿದ, ಶಿವಮೊಗ್ಗದಿಂದ ಮಾಲು ಬರಬೇಕೆಂದರು. ಸೋಮನಾಥನಿಗೆ ಮನೆಯಲ್ಲಿದ್ದ ಇನ್ನೊಂದು ರಿಮೋಟಿನ ನೆನಪಾಗಿ, ಎದೆ ಹಗುರಾಗಿ, ಹೆಂಡತಿಗೆ ಮೊಬೈಲು ಹಚ್ಚಿದ. ಬೀರುವಿನಲ್ಲಿದೆ, ಕೊಪ್ಪದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸು ಎಂದ. ದಾಕ್ಷಾಯಿಣಿ ಬೀರು ತೆಗೆಯುವ ಸದ್ದು ಕೇಳಿಸಿತು. "ರಿಮೋಟು ಇದೆ ಕಣ್ರಿ. ಅದರ ಸೆಲ್ಲು ನೀವೇ ತೆಗ್ದು ಬಾಗ್ಲು ಬೆಲ್ಲಿಗೆ ಹಾಕಿದ್ರಲ್ಲ, ಶಿವರಾತ್ರಿಗೆ ನೆಂಟರು ಬರ್ತಾರೆ ಅಂತ. ಆ ಬೆಲ್ಲೂ ಈಗ ಹೊಡ್ಕಳಲ್ಲ." ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಕಲ್ಲು ತಗಂಡು ಗಾಜಿಗೆ ಒಂದು ಬಿಡು ಮಾರಾಯ," ರೇಣುಕಪ್ಪ ಹೇಳಿದ. "ನಿಮ್ಮಕ್ಕ ನಿನ್ನೆ ರಾತ್ರಿಯಿಂದ ನೀರು ಮುಟ್ಟಿಲ್ಲ ಅಂತ ನಮ್ಮನೆಯವಳು ಒದ್ದಾಡ್ತಿದಾಳೆ. ಗಾಜು ಏನು ಮಹಾ."

ಸೋಮನಾಥ ಗಾಜನ್ನು ನೋಡಿದ. ಗಾಜಿನಲ್ಲಿ ಅವನ ಮುಖ, ಮುಖದೊಳಗೆ ಆ ಚೀಲ. ಈ ಮಾದರಿಯ ಗಾಜು ಎಲ್ಲಿಂದ ತರಿಸಬೇಕು, ಎಷ್ಟು ದಿನ ಪ್ಲಾಸ್ಟಿಕ್ಕು ಅಂಟಿಸಿಕೊಂಡು ಎನ್.ಆರ್. ಪುರದ ಬೀದಿಯಲ್ಲಿ ಓಡಾಡಬೇಕು ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಆದರೆ ಬಾಯಿ ಬೇರೆಯೇ ಹೇಳಿತು: "ಒಳಗೆ ಲಿಂಗ ಇದೆ ರೇಣುಕಪ್ಪ. ಮೇಲೆ ಗಾಜು ಬಿದ್ರೆ ಹ್ಯಾಗೆ?" ರೇಣುಕಪ್ಪ ಎರಡೂ ಕೈ ಎತ್ತಿ, "ಹೌದು ಹೌದು, ಅದೂ ಸೈ" ಎಂದು ಹಿಂದೆ ಸರಿದ, ಅವನ ಮುಖದಲ್ಲಿ ಗೌರವ ಮೂಡಿತು. ಆ ಗೌರವ ಸೋಮನಾಥನ ಬೆನ್ನಿಗೆ ಬೆವರಿನ ಜೊತೆ ಅಂಟಿಕೊಂಡಿತು. ಅಂಗಿಯೊಳಗೆ ಅವನ ಎದೆಯ ಮೇಲೂ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಬೆವರಿಗೆ ಒದ್ದೆಯಾದ ಅಂಗಿಯ ಮೇಲೆ ಅದರ ಉಬ್ಬು ಸ್ಪಷ್ಟವಾಗಿ ಕಾಣುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ನಡುಮನೆಯ ತಣ್ಣನೆಯ ನೆಲದಲ್ಲಿ ಚಾಪೆ ಹಾಸಿ ಅಕ್ಕನನ್ನು ಮಲಗಿಸಿದ್ದರು. ಬಸವಮ್ಮ, ರೇಣುಕಪ್ಪನ ಹೆಂಡತಿ, ಹಣೆಗೆ ಒದ್ದೆ ಬಟ್ಟೆ ಒತ್ತುತ್ತಾ ಪಕ್ಕದಲ್ಲಿ ಕೂತಿದ್ದಳು. ಅಕ್ಕನ ತುಟಿ ಒಣಗಿ ಬೆಳ್ಳಗೆ ಸಿಪ್ಪೆ ಎದ್ದಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಬೇಕಾದ ಹೊತ್ತು ಎಂದೋ ದಾಟಿತ್ತು. ಕೈ ಕೊರಳ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ, ಮತ್ತೆ ನೆಲಕ್ಕೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತಿತ್ತು. ಆ ಕೈ ಅವನಿಗೆ ಗೊತ್ತಿತ್ತು. ಅವ್ವ ಹೋದ ಮೇಲೆ ಅವನನ್ನು ಬೆಳೆಸಿದ ಕೈ. ಬೆಳಗಿನ ಜಾವ ಎಡಗೈಯಲ್ಲಿ ಲಿಂಗ ಹಿಡಿದು ಕೂತು ಅಕ್ಕ ಷಟ್ಪದಿ ಹೇಳಿಕೊಳ್ಳುವಾಗ ಅವನು ಕಂಬಳಿಯೊಳಗೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ. ಎರಡು ಗಿಡ್ಡ ಸಾಲು ತಗ್ಗಿನ ನೀರಿನ ಹಾಗೆ ಓಡಿ, ಮೂರನೆಯ ಉದ್ದನೆಯ ಸಾಲಿಗೆ ಬಂದಾಗ ಅಕ್ಕ ಬೇಕೆಂದೇ ಕೊನೆಯ ಪದದ ಮುಂದೆ ನಿಲ್ಲಿಸುತ್ತಿದ್ದಳು. ಕಂಬಳಿಯೊಳಗಿಂದ ಅವನು ಆ ಪದ ಹೇಳಬೇಕು. ಹೇಳಿದರೆ ಮುಂದಿನ ಸಾಲು. ಹೇಳದಿದ್ದರೆ ಅಕ್ಕ ಕಾಯುತ್ತಿದ್ದಳು, ದೇವರೂ ಜೊತೆಗೆ ಕಾಯುತ್ತಿದ್ದಾನೆ ಅನ್ನುವ ಹಾಗೆ. ಎಂದು ಬಿಟ್ಟುಹೋಯಿತು ಅದು? ಬಿಟ್ಟದ್ದು ನೆನಪಿಲ್ಲ.

"ಏನೇ ಆಗ್ಲಿ ಒಂದು ಗುಟುಕು ಕುಡೀರಿ ಪ್ರೇಮಕ್ಕ," ಬಸವಮ್ಮ ಅಂಗಲಾಚಿದಳು. "ಶಿವ ಏನೂ ಅನ್ನಲ್ಲ."

"ಅವನು ಅನ್ನಲ್ಲ ಕಣವ್ವ. ನನಗೇ ಇಳಿಯಲ್ಲ." ಅಕ್ಕನ ದನಿ ಸಣ್ಣಗಿತ್ತು, ಆದರೆ ಬಾಗಿರಲಿಲ್ಲ. "ಏಳು ವರ್ಷದವಳಿಂದ ಲಿಂಗಕ್ಕೆ ತೋರಿಸ್ದೆ ತುಟಿಗೆ ಮುಟ್ಟಿಸಿದೋಳಲ್ಲ. ಇರ್ಲಿ, ಸೋಮು ಬಾಗ್ಲು ತೆಗೀತಾನೆ."

"ನಂದಾದ್ರೂ ಇದೆ, ಅರ್ಪಿಸಿ ಕೊಡ್ಲಾ?"

"ನಮ್ಮನೆ ಪದ್ಧತೀಲಿ ಒಂದೇ ಅಯ್ಯನವರ ಕೈಯಿಂದ ಲಿಂಗ ತಗಂಡೋರದ್ದಾದ್ರೆ ಮಾತ್ರ. ಬೇರೆ ಮಠದ್ದು ಬರಲ್ಲ. ತಪ್ಪು ತಿಳ್ಕಬೇಡಿ."

ಬಸವಮ್ಮನ ಕಣ್ಣು ಬಾಗಿಲಲ್ಲಿ ನಿಂತಿದ್ದ ಸೋಮನಾಥನ ಅಂಗಿಯ ಉಬ್ಬಿನ ಮೇಲೆ ಬಿತ್ತು. ಮುಖ ಅರಳಿತು. "ಅಯ್ಯೋ, ಮತ್ತೆ ಎದುರಿಗೇ ನಿಂತಿದಾರಲ್ಲ! ನಿಮ್ಮ ತಮ್ಮಂಗೂ ಅದೇ ಅಯ್ಯನವರದ್ದೇ ಅಲ್ವಾ?"

ಸೋಮನಾಥನಿಗೆ ಮೊದಲು ಕೇಳಿಸಿದ್ದು ನೀರಿನ ಸದ್ದು. ಹತ್ತು ವರ್ಷಕ್ಕೂ ಹಿಂದಿನದು: ಶಿವಮೊಗ್ಗದ ಲಾಡ್ಜೊಂದರ ಬಚ್ಚಲು, ಮಾಲು ತರಲು ಹೋದಾಗ, ಬಸ್ಸಿಗೆ ಹೊತ್ತಾಗಿ ಅವಸರದಲ್ಲಿ ಮೀಯುತ್ತಿದ್ದದ್ದು. ಕರಡಿಗೆಯ ಮುಚ್ಚಳ ಸಡಿಲಾಗಿತ್ತು, ರಿಪೇರಿಗೆ ಕೊಡಬೇಕೆಂದುಕೊಂಡೇ ದಿನ ಕಳೆದಿತ್ತು. ಸೋಪಿನ ನೊರೆಯ ನಡುವೆ ಕರಿಯದೊಂದು ಜಾರಿ, ನೆಲದ ಮೇಲೆ ಒಮ್ಮೆ ಪುಟಿದು, ಜಾಲರಿ ಇಲ್ಲದ ಕಂಡಿಯೊಳಗೆ ಹೋಯಿತು. ಹೋದಮೇಲೆ ಕೆಳಗೆಲ್ಲೋ ಒಂದು ಗುಳುಕ್. ಅವನು ಒದ್ದೆ ನೆಲದಲ್ಲಿ ಮಂಡಿಯೂರಿ ಮೊಳಕೈತನಕ ಕೈ ಹಾಕಿದ. ಯಾರನ್ನಾದರೂ ಕರೆಯಬಹುದಿತ್ತು, ಕೊಳವೆ ಬಿಚ್ಚಿಸಬಹುದಿತ್ತು. ಏನೆಂದು ಹೇಳುವುದು? ಬಸ್ಸಿನ ಹೊತ್ತಾಗಿತ್ತು. ಬರಿಯ ಕರಡಿಗೆಯೊಳಗೆ ಒಂದಿಷ್ಟು ಹತ್ತಿ ತುರುಕಿ, ಮುಚ್ಚಳ ಒತ್ತಿ, ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿದ. ಮುಂದಿನ ಸೋಮವಾರ ಬಾಳೆಹೊನ್ನೂರಿನ ಕಡೆ ದೀಕ್ಷೆ ಕೊಟ್ಟ ಅಯ್ಯನವರಿದ್ದಲ್ಲಿಗೆ ಹೋಗಿ ಹೇಳಿಕೊಂಡು ಹೊಸದು ತಗೊಳ್ಳುವುದೆಂದುಕೊಂಡ. ಆ ಸೋಮವಾರ ಅಂಗಡಿಗೆ ಗಿರಾಕಿ ಜಾಸ್ತಿ. ಆಮೇಲಿನ ಸೋಮವಾರ ಇನ್ನೇನೋ. ಮೊದಮೊದಲು ಊಟಕ್ಕೆ ಕೂತಾಗ ಕೈ ತಾನಾಗಿ ಕರಡಿಗೆಯನ್ನು ತಡಕುತ್ತಿತ್ತು, ಆಮೇಲೆ ಇಲ್ಲ. ದಿನಾ ಬೆಳಿಗ್ಗೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಊದುಬತ್ತಿ ಉರಿಯುವಷ್ಟು ಹೊತ್ತು ಗೋಡೆ ನೋಡುತ್ತಾ ಕೂತು ಹಣೆಗೆ ವಿಭೂತಿ ಬಳಿದುಕೊಂಡು ಹೊರಗೆ ಬರುತ್ತಿದ್ದ. ಸಿಡಿಲೇನೂ ಬೀಳಲಿಲ್ಲ. ಅಂಗಡಿ ದೊಡ್ಡದಾಯಿತು, ಕಾರು ಬಂತು. ಏನೂ ಆಗದಿರುವುದೇ ಒಂದು ಶಿಕ್ಷೆ ಇರಬಹುದೆಂದು ಎಂದೋ ಒಮ್ಮೆ ಅನ್ನಿಸಿ, ಆ ಅನ್ನಿಸಿಕೆಯನ್ನೂ ಮರೆತಿದ್ದ.

"ಬೇಡ," ಅಕ್ಕ ಅಂದಳು. ಇಷ್ಟು ಬೇಗ, ಇಷ್ಟು ಗಟ್ಟಿಯಾಗಿ ಅಂದದ್ದು ಕೇಳಿ ಅವನೇ ಬೆಚ್ಚಿದ. "ಅವನಿಗೆ ತೊಂದ್ರೆ ಬೇಡ. ಬೆಳಿಗ್ಗೆ ಪೂಜೆ ಮುಗಿಸ್ಕಂಡು ಬಂದಿದಾನೆ. ನಾನು ಕಾಯ್ತೀನಿ."

ಸೋಮನಾಥನೊಳಗೆ ಏನೋ ಸಡಿಲಾಯಿತು. ಅಕ್ಕನ ಹಟಕ್ಕೆ ಮನಸ್ಸಿನಲ್ಲೇ ಕೈಮುಗಿದ. ಆದರೆ ರೇಣುಕಪ್ಪ ಒಳಗೆ ಬಂದಿದ್ದ. "ಎಂತ ತೊಂದ್ರೆ? ಎರಡನೇ ಸಲ ಪೂಜೆ ಮಾಡಿದ್ರೆ ಲಿಂಗ ಸವೆಯುತ್ತಾ? ನಡಿ ಸೋಮನಾಥ, ಕೈಕಾಲು ತೊಳ್ಕಾ." ಅಕ್ಕ ಮತ್ತೆ ತಲೆಯಾಡಿಸಿದಳು. ಬಸವಮ್ಮ ಗಂಡನ ಮುಖ ನೋಡಿದಳು, ಗಂಡ ಸೋಮನಾಥನ ಮುಖ ನೋಡಿದ. ಸೋಮನಾಥ ರಿಮೋಟನ್ನು ಒತ್ತುತ್ತಾ ನಿಂತಿದ್ದ, ಗೋಡೆಯ ಆಚೆಗಿದ್ದ ಕಾರಿಗೆ ಅಲ್ಲಿಂದಲೇ ಕೇಳಿಸೀತೆಂಬ ಹಾಗೆ. ರೇಣುಕಪ್ಪ ನಗುತ್ತಲೇ ಅಂದ: "ಯಾಕಮ್ಮ, ತಮ್ಮನ ಲಿಂಗದ ಮೇಲೆ ನಂಬಿಕೆ ಇಲ್ವಾ? ಅದೇನು ಪ್ಲಾಸ್ಟಿಕ್ಕಿಂದಾ?" ತಮಾಷೆಗೇ ಅಂದದ್ದು. ಆದರೆ ನಗು ಮುಗಿದ ಮೇಲೂ ಅವನ ಕಣ್ಣು ಸೋಮನಾಥನ ಎದೆಯ ಮೇಲಿಂದ ಏಳಲಿಲ್ಲ. ಬಸವಮ್ಮನ ಕೈಯ ಒದ್ದೆ ಬಟ್ಟೆ ನಿಂತಲ್ಲೇ ನಿಂತಿತ್ತು. ಆಗ ಅಕ್ಕ ಮೊಳಕೈಯೂರಿ ಎದ್ದು ಕೂತಳು. ಯಾರನ್ನೂ ನೋಡದೆ, ಸೆರಗು ಸರಿಮಾಡಿಕೊಂಡು, "ಆಯ್ತು. ಸೋಮು, ಮಾಡ್ಕಂಡು ಬಾ. ಕುಡೀತೀನಿ" ಎಂದಳು.

ದೇವರ ಕೋಣೆಯಲ್ಲಿ ಬಸವಮ್ಮ ಮಣೆ ಹಾಕಿ, ತಂಬಿಗೆಯಲ್ಲಿ ನೀರು, ಬಟ್ಟಲು, ವಿಭೂತಿ, ಪತ್ರೆ ಇಟ್ಟಳು. ಬಾಗಿಲಿಲ್ಲದ ಕೋಣೆ. ಲಿಂಗಪೂಜೆಗೆ ಕೂತವನ ಎದುರಿಗೆ ಯಾರೂ ಹೋಗುವುದಿಲ್ಲ. ಅವನು ನಡುಮನೆಗೆ ಬೆನ್ನು ಮಾಡಿ ಕೂತ. ಬೆನ್ನ ಹಿಂದೆ ಮೂವರು. ಕರಡಿಗೆ ಬಿಚ್ಚಿದ. ಹಳದಿಗಟ್ಟಿದ ಹತ್ತಿಯನ್ನು ಬೆರಳಲ್ಲಿ ಅದುಮಿ ಮುಚ್ಚಿಕೊಂಡ. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿದ. ಬರಿಯ ಅಂಗೈ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅದನ್ನು ನೋಡಿಯೇ ಇರಲಿಲ್ಲ. ಗ್ರೀಸು ಕೂತು ಕಪ್ಪಾದ ಗೆರೆಗಳು, ಹೆಬ್ಬೆರಳಿನ ಬುಡದಲ್ಲಿ ರಿಮೋಟಿನ ಅಂಚು ಒತ್ತಿ ಉಳಿದ ಕೆಂಪು ಗುರುತು. ಅಲ್ಲಿ ಇದ್ದದ್ದನ್ನು ನೆನಪಿಗೆ ತರಲು ನೋಡಿದ, ಅದರ ತಣ್ಣನೆಯ ಭಾರವನ್ನು. ಲಿಂಗ ಕಟ್ಟಿಸಿಕೊಂಡ ದಿನ ಎಂಟು ವರ್ಷದ ಹುಡುಗನ ಅಂಗೈ ತುಂಬಿತ್ತು ಅದು. ಅಕ್ಕ ಕೆಳಗಿಂದ ತನ್ನ ಕೈ ಆನಿಸಿದ್ದಳು, ಬೀಳದಿರಲೆಂದು. ಈಗ ಬಲಗೈಯಿಂದ ನೀರು ಬಿಟ್ಟ. ನೀರು ಯಾವುದಕ್ಕೂ ತಾಗದೆ ಗೆರೆಗಳಲ್ಲಿ ಹರಿದು ಬೆರಳ ಸಂದಿಯಿಂದ ಬಟ್ಟಲಿಗೆ ಬಿತ್ತು. ಪತ್ರೆ ಇಟ್ಟ, ಪತ್ರೆ ಚರ್ಮಕ್ಕೆ ಅಂಟಿಕೊಂಡಿತು. ತುಟಿ ಅಲ್ಲಾಡಿಸಬೇಕು, ಅಲ್ಲಾಡಿಸಿದ. ಬೆನ್ನ ಹಿಂದೆ ರೇಣುಕಪ್ಪ ಕೆಮ್ಮಿದ. ಈಗ ತಿರುಗಿ ಕೈ ತೋರಿಸಿಬಿಟ್ಟರೆ? ಒಂದೇ ಚಲನೆ, ಮೈಯನ್ನು ಬಲಕ್ಕೆ ತಿರುಗಿಸುವಷ್ಟು. ಮೈ ಬಲಕ್ಕೆ ತಿರುಗಿತು ಕೂಡ, ಆದರೆ ಅಷ್ಟರಲ್ಲಿ ಅಂಗೈ ಮಡಚಿಕೊಂಡಿತ್ತು, ಕರಡಿಗೆ ಅಂಗಿಯೊಳಗೆ ಹೋಗಿತ್ತು, ಕೈಯಲ್ಲಿ ಬಟ್ಟಲು ಇತ್ತು.

ಅಕ್ಕ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡಳು. ಕಣ್ಣಿಗೊತ್ತಿಕೊಳ್ಳಲಿಲ್ಲ. ಅದನ್ನು ಅವನು ಗಮನಿಸಿದ. ಬಾಯಾರಿಕೆಯ ಅವಸರ ಎಂದುಕೊಂಡ. ಒಂದು ಕ್ಷಣ ನೀರನ್ನೇ ನೋಡಿ, ಒಂದೇ ಉಸಿರಿಗೆ ಕುಡಿದಳು. ಕೊರಳಿನ ಸಡಿಲ ಚರ್ಮದೊಳಗೆ ನೀರು ಇಳಿಯುವುದು ಕಂಡಿತು. "ಶಿವ ಕಾಪಾಡಿದ," ಬಸವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕನ ಸೆರಗಿನ ಗಂಟಿನಲ್ಲಿದ್ದ ಮಾತ್ರೆ ನುಂಗಿಸಿ, ಹಾಲು ಕೊಟ್ಟಳು. ಸೋಮನಾಥ ಹೊರಗೆ ಬಂದ. ಹೊರಗೆ ಬಂದನೆನ್ನುವುದಕ್ಕಿಂತ ಬಿಸಿಲು ಅವನನ್ನು ಎಳೆದುಕೊಂಡಿತು. ಕಾರಿನ ಮುಂದೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಎಡಗೈಯಲ್ಲಿ ರಿಮೋಟು ಮುಚ್ಚಿಕೊಂಡು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡ. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಬೆವೆತ ಅಂಗೈಯೊಳಗೆ ಆ ಬಿಲ್ಲೆ ಮೈಯಷ್ಟೇ ಬಿಸಿಯಾಗಿತ್ತು. ಯೋಚಿಸದೆ ಒತ್ತಿದ.

ಟುಂಯ್. ಬಾಗಿಲುಗಳ ಒಳಗಿನ ಲಾಕಿನ ಗುಬುಟುಗಳು ನಾಲ್ಕೂ ಒಟ್ಟಿಗೆ ಮೇಲೆದ್ದವು.

ಬೀದಿಯವರು ಹೋ ಎಂದರು. "ಕಾವು ಕೊಟ್ರೆ ಸತ್ತ ಸೆಲ್ಲೂ ಒಂದ್ಸಲ ಏಳುತ್ತೆ ನೋಡು," ರೇಣುಕಪ್ಪ ಅವನ ಬೆನ್ನಿಗೆ ಗುದ್ದಿದ. "ಮೊದ್ಲೇ ಮಾಡ್ಬಾರದಿತ್ತಾ ಮಾರಾಯ!" ಸೋಮನಾಥ ನಕ್ಕ. ನಗುತ್ತಲೇ ಅವನಿಗೆ ತಿಳಿದದ್ದು ಅದೇ: ಮೊದಲೇ ಮಾಡಬಹುದಿತ್ತು. ಕಲ್ಲೂ ಬೇಕಿರಲಿಲ್ಲ. ಇಷ್ಟೇ ಹೊತ್ತು ಸುಮ್ಮನೆ ಕೈಯಲ್ಲಿ ಹಿಡಿದು ಕೂತಿದ್ದರೆ ಸಾಕಿತ್ತು. ಎಂಜಿನ್ನು ಹಚ್ಚಿದ, ಹಚ್ಚಿಕೊಂಡಿತು. "ಮನೆ ಮುಟ್ಟೋತನಕ ಆಫ್ ಮಾಡ್ಬೇಡ. ಮತ್ತೆ ಲಾಕು ಕೂತ್ರೆ ಎಂಜಿನ್ನೂ ಹತ್ತಲ್ಲ, ದೇವರೇ ಗತಿ," ರೇಣುಕಪ್ಪ ಎಚ್ಚರಿಸಿದ. ಅಕ್ಕ ನಿಧಾನಕ್ಕೆ ನಡೆದು ಬಂದು ಹಿಂದಿನ ಬಾಗಿಲು ತೆಗೆದು, ಚೀಲವನ್ನು ಎತ್ತಿ ಎದೆಗೊತ್ತಿಕೊಂಡಳು. ರೇಣುಕಪ್ಪ ಅಂಗಡಿಯಿಂದ ಹೊಸ ಶಿವದಾರ ತಂದುಕೊಟ್ಟ, ದುಡ್ಡು ಮುಟ್ಟಲಿಲ್ಲ. "ಇಲ್ಲೇ ಕಟ್ಕಂಡು, ಪೂಜೆ ಮಾಡ್ಕಂಡು, ಉಂಡ್ಕಂಡು ಹೋಗಿ" ಎಂದಳು ಬಸವಮ್ಮ. "ಮನೇಲಿ ಮಾಡ್ಕತೀನವ್ವ. ಎಂಜಿನ್ನು ಉರೀತಿದೆ," ಎಂದು ಅಕ್ಕ ದಾರವನ್ನು ಚೀಲದ ಬಾಯಿಗೆ ಸಿಕ್ಕಿಸಿ ಮುಂದಿನ ಸೀಟಿನಲ್ಲಿ ಕೂತಳು. ಕೆರೆಕಟ್ಟೆಯ ಕೆಲಸ ಬಿಟ್ಟೇಹೋಯಿತು. ಹೊಳೆಯ ಕಡೆಗೆ ಹೋಗುವ ದಾರಿ ಎಡಗಡೆ ಕಂಡಿತು. ಪುರಿ ಮಾರುವವರ ಬುಟ್ಟಿ, ಮಕ್ಕಳ ಕೈ ಹಿಡಿದು ಇಳಿಯುವ ಜನ. "ಮೀನು ಇನ್ನೊಂದ್ಸಲ ನೋಡಣ ಅಕ್ಕ," ಎಂದ. ಅಕ್ಕ ಆ ಕಡೆಗೆ ಒಮ್ಮೆ ಕತ್ತು ತಿರುಗಿಸಿ, "ಹ್ಞೂಂ" ಎಂದಳು.

ಹರಿಹರಪುರದ ತಿರುವುಗಳಲ್ಲಿ ಈ ಸಲ ಅವನು ಎಷ್ಟು ಮೆಲ್ಲಗೆ ಹೋದನೆಂದರೆ ಹಿಂದಿನ ಜೀಪುಗಳೆಲ್ಲ ಹಾರ್ನು ಬಾರಿಸುತ್ತಾ ದಾಟಿದವು. ಅಕ್ಕ ಹೊರಗೆ ನೋಡುತ್ತಿದ್ದಳು. ಕೊಪ್ಪ ಹತ್ತಿರವಾಗುವಾಗ ಬಿಸಿಲು ಇಳಿದು ಮರಗಳ ನೆರಳು ರಸ್ತೆಗೆ ಅಡ್ಡ ಬಿದ್ದಿತ್ತು. ಚೀಲದ ಬಾಯಲ್ಲಿ ದಾರ ಹಾಗೇ ಇತ್ತು. ಮಡಿಲಲ್ಲೇ ಇದ್ದ ಲಿಂಗವನ್ನು ಇಷ್ಟು ಹೊತ್ತಾದರೂ ಅಕ್ಕ ಯಾಕೆ ಕೊರಳಿಗೆ ಹಾಕಿಕೊಂಡಿಲ್ಲ? ಬೆಳಗಿನಿಂದ ಅದಕ್ಕಾಗಿಯೇ ಕೊರಳು ತಡವಿಕೊಳ್ಳುತ್ತಿದ್ದವಳು? ಕೇಳಬಾರದೆಂದು ಒಳಗಿಂದ ಯಾರೋ ಹೇಳುತ್ತಿದ್ದರೂ ಕೇಳಿದ. "ದಾರ ಕಟ್ಕಳಲ್ವನಕ್ಕ?"

"ಹ್ಯಾಗೆ ಕಟ್ಕಳ್ಳಲೋ," ಅಕ್ಕ ಅಂದಳು. ಬೈಗುಳವಿರಲಿಲ್ಲ ದನಿಯಲ್ಲಿ, ಒಲೆಯ ಬೂದಿ ಕೆದಕುವವಳ ಹಾಗೆ ಮೆಲ್ಲಗೆ ಅಂದಳು. "ಅರ್ಪಿಸ್ದೆ ಇದ್ದ ನೀರು ಕುಡಿದ ಬಾಯಿ. ಅಯ್ಯನವರ ಹತ್ರ ಹೇಳ್ಕಂಡು, ಅವರು ಕಟ್ಕಾ ಅಂದ ಮೇಲೇ."

ರಸ್ತೆ ಒಂದು ಸಲ ಅವನ ಕಣ್ಣ ಮುಂದಿನಿಂದ ಹೋಗಿ ಮತ್ತೆ ಬಂತು. "ಅಂದ್ರೆ?" ಎಂದ, ಅರ್ಥವಾಗಿದ್ದರೂ.

"ಆ ಕೀಲುನೋವಿನ ಜ್ವರ ಊರಿಗೆಲ್ಲ ಬಂದಿತ್ತಲ್ಲ, ಗಂಡ ಹೆಂಡ್ತಿ ಇಬ್ಬರೂ ಮಲಗಿದ್ರಿ. ನಿನ್ನ ಮೈ ಒರೆಸಿದ್ದು ಯಾರು ಅನ್ಕಂಡಿದೀಯ? ಜ್ವರದವನು, ಲಿಂಗಕ್ಕೆ ನೀರು ತೋರ್ಸಿ ಎಷ್ಟು ದಿನ ಆಯ್ತೋ ಅಂತ ಕರಡಿಗೆ ತೆಗೆದೆ. ಹತ್ತಿ ಇತ್ತು."

"ಕೇಳ್ಬಾರದಿತ್ತಾ ಅಕ್ಕ. ಇಷ್ಟು ದಿನ..."

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

"ಗೊತ್ತಿದ್ದೂ ಇವತ್ತು ಯಾಕೆ ಕುಡಿದೆ?"

ಅಕ್ಕ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಅವರು ನಿನ್ನ ಮುಖ ನೋಡಕ್ಕೆ ಶುರು ಮಾಡಿದ್ರಲ್ಲೋ," ಎಂದಳು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ: "ಅಯ್ಯನವರ ಹತ್ರ ಏನಂತ ಹೇಳದು ಅಂತ ಯೋಚ್ನೆ ಮಾಡ್ತಿದೀನಿ. ನೀರು ಯಾರು ಕೊಟ್ರು ಅಂತ ಕೇಳ್ತಾರೆ. ನಿನ್ನ ಹೆಸರು ಬರುತ್ತೆ. ಹೇಳ್ದೆ ಇದ್ರೆ ದಾರ ಕಟ್ಟೋ ಹಾಗಿಲ್ಲ. ನೋಡಣ."

ನೋಡಣ. ಅಂದರೆ ಚೀಲದಲ್ಲೇ ಇರುತ್ತದೆ. ನಾಳೆ ಬೆಳಗಿನ ಜಾವ ಅಕ್ಕ ಏಳುತ್ತಾಳೆ, ಎಡಗೈ ಚಾಚುತ್ತಾಳೆ, ಮತ್ತೆ ಮಡಚಿಕೊಳ್ಳುತ್ತಾಳೆ, ನಾಡಿದ್ದೂ ಹಾಗೆಯೇ. ಅವನ ಕರಡಿಗೆಯಲ್ಲಿ ಹತ್ತಿ, ಅವಳ ಕೊರಳಲ್ಲಿ ಏನೂ ಇಲ್ಲ. ಮನೆಯಲ್ಲಿ ಪೂಜೆಯ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಗೋಡೆಗಳನ್ನು ನೋಡುತ್ತಾ ಕೂರುತ್ತಾರೆ. ಅವನ ಗುಟ್ಟನ್ನು ಕಾಯುವುದಕ್ಕಾಗಿ ಅವಳು ಅವನಂತೆಯೇ ಆಗಬೇಕು, ಈ ವಯಸ್ಸಿನಲ್ಲಿ. ಗಾಜೊಡೆದು ಚೀಲ ತೆಗೆದುಕೊಟ್ಟಿದ್ದರೆ ಇಷ್ಟೂ ಆಗುತ್ತಿರಲಿಲ್ಲ. "ಚೀಲ ಕೊಡೋ" ಎಂದು ಎರಡನೆಯ ಸಲ ಅಂದಾಗ ಕೊಟ್ಟಿದ್ದರೂ ಆಗುತ್ತಿರಲಿಲ್ಲ. ಆ ಮೊದಲನೆಯ ಸೋಮವಾರ ಅಂಗಡಿಯ ಬಾಗಿಲು ತೆಗೆಯದೆ ಹೋಗಿದ್ದರೆ? ಹಿಂದಕ್ಕೆ ಹಿಂದಕ್ಕೆ ಹೋಗುತ್ತಾ ಮನಸ್ಸು ಆ ಬಚ್ಚಲಿನ ಒದ್ದೆ ನೆಲಕ್ಕೆ ಬಂದು ಮಂಡಿಯೂರಿತು.

ಕೊಪ್ಪದ ಪೇಟೆ ಕಳೆದು ರಸ್ತೆ ಎರಡಾಗುವಲ್ಲಿಗೆ ಬಂದರು. ಒಂದು ಎನ್.ಆರ್. ಪುರಕ್ಕೆ, ಮನೆಗೆ. ಇನ್ನೊಂದು ಬಾಳೆಹೊನ್ನೂರಿನ ಕಡೆಗೆ. ಕಾರು ತಾನಾಗಿಯೇ ಮನೆಯ ಕಡೆಗೆ ಮೂತಿ ಮಾಡಿತು. "ನಾಳೆ ಹೋಗಣ ಅಕ್ಕ, ಬೆಳಿಗ್ಗೇನೇ, ಇಬ್ಬರೂ" ಎಂದು ಅವನ ಬಾಯಿ ಹೇಳಲು ಹೊರಟಿತು. ಇನ್ನೊಂದ್ಸಲ ಎನ್ನುವ ದನಿಯಲ್ಲೇ ಹೊರಟದ್ದು ಅವನಿಗೇ ಕೇಳಿಸಿತು. ಕಾರನ್ನು ರಸ್ತೆಯ ಅಂಚಿಗೆ, ಮಾವಿನ ಮರವೊಂದರ ಕೆಳಗೆ ತಂದು ನಿಲ್ಲಿಸಿದ. ಎಂಜಿನ್ನು ಗುರುಗುಡುತ್ತಿತ್ತು. ಕೀಲಿಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದ. ಆಮೇಲೆ ತಿರುಗಿಸಿದ. ಸದ್ದು ನಿಂತಿತು. ಸ್ಟಿಯರಿಂಗಿನ ಪಕ್ಕದಲ್ಲಿ ಲಾಕಿನ ನೀಲಿ ದೀಪ ಮಿಣುಕತೊಡಗಿತು.

"ಏನೋ ಮಾಡ್ದೆ? ಮತ್ತೆ ಹತ್ತಲ್ಲ ಅಂದ್ರಲ್ಲೋ ರೇಣುಕಪ್ಪ," ಅಕ್ಕ ಗಾಬರಿಯಾದಳು.

"ಹತ್ತಲ್ಲ. ಬಾಳೆಹೊನ್ನೂರಿಗೆ ಬಸ್ಸು ಬರುತ್ತೆ."

"ಕಾರು?"

"ಇರ್ಲಿ ಇಲ್ಲೇ. ಅಯ್ಯನವರ ಹತ್ರ ನಾನೇ ಹೇಳ್ತೀನಿ. ನೀನು ಏನೂ ಹೇಳ್ಬೇಡ."

ಇಳಿದರು. ಕಾರಿಗೆ ಬೀಗವಿಲ್ಲ, ಬಾಗಿಲನ್ನು ಸುಮ್ಮನೆ ದೂಡಿ ಬಿಟ್ಟ. ಈ ಸಲ ಚೀಲವನ್ನು ಅವನೇ ಕೇಳಿದ, ಹೊರಲು, ಅಕ್ಕ ಕೊಡಲಿಲ್ಲ. ಮರದ ಬುಡದ ಕಲ್ಲಿನ ಮೇಲೆ ಕೂತಳು, ಅವನು ಪಕ್ಕದಲ್ಲಿ ನಿಂತ. ಬಸ್ಸು ಎಷ್ಟು ಹೊತ್ತಿಗೋ. ಮೇಯ್ದು ಹಿಂದಿರುಗುವ ದನಗಳು ಧೂಳೆಬ್ಬಿಸಿಕೊಂಡು ಹೋದವು. ಅಷ್ಟರಲ್ಲಿ ಅಕ್ಕ, ಚೀಲದ ಮೇಲೆ ಎರಡೂ ಕೈ ಮುಚ್ಚಿಕೊಂಡು, ತುಟಿಯಲ್ಲೇ ಶುರುಮಾಡಿದಳು. ಬೆಳಗಿನ ಜಾವ ಹೇಳಿಕೊಳ್ಳುವುದು. ಇವತ್ತು ಬೆಳಿಗ್ಗೆ ಹೇಳದೆ ಉಳಿದದ್ದು. ಎರಡು ಗಿಡ್ಡ ಸಾಲು ತಗ್ಗಿನ ನೀರಿನ ಹಾಗೆ ಓಡಿದವು. ಮೂರನೆಯದು ಉದ್ದಕ್ಕೆ ಹರಿದು, ಕೊನೆಯ ಪದದ ಮುಂದೆ ಬಂದು ನಿಂತಿತು.

ಸೋಮನಾಥ ಬಾಯಿ ತೆರೆದ. ರಾಗ ಬಂತು, ಇದ್ದಲ್ಲೇ ಇತ್ತು ಅದು. ಪದ ಬರಲಿಲ್ಲ.

ಅಕ್ಕ ಅವನ ಕಡೆ ತಿರುಗದೆ, ಬಸ್ಸು ಬರಬೇಕಾದ ದಾರಿಯನ್ನು ನೋಡುತ್ತಾ, ಕಾಯುತ್ತಿದ್ದಳು.